ಬೆಂಚ್ ಪ್ರೆಸ್ 60 ಕೆಜಿಗೇ ನಿಂತಿದೆ, ಮೈಯೂ ತುಂಬುತ್ತಿಲ್ಲ. ಏನು ಬದಲಾಯಿಸಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಯಸ್ಸು 26, ತೂಕ 68 ಕೆಜಿ. ಜಿಮ್ ಶುರುಮಾಡಿ ಎರಡು ವರ್ಷ ದಾಟಿತು. ಸ್ಟೀರಾಯ್ಡ್ ತಗೊಂಡಿಲ್ಲ, ತಗೊಳ್ಳುವುದೂ ಇಲ್ಲ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ತೋಳು, ಶುಕ್ರವಾರ ಕಾಲು. ಎದೆಯ ದಿನ ಬೆಂಚ್, ಇನ್‌ಕ್ಲೈನ್, ಫ್ಲೈ, ಡಿಪ್ಸ್ ಎಲ್ಲಾ ಸೇರಿ 18 ಸೆಟ್ (ನಿಲ್ಲಿಸದೆ ಮಾಡುವ ಸುತ್ತು), ಪ್ರತಿಯೊಂದೂ ಫೇಲ್ಯೂರ್‌ವರೆಗೆ, ಅಂದರೆ ಇನ್ನೊಂದು ಸಲವೂ ಎತ್ತಲಾಗದವರೆಗೆ. ಆದರೂ ಬೆಂಚ್ (ಮಲಗಿ ಬಾರ್ ಮೇಲಕ್ಕೆ ತಳ್ಳುವುದು) 60 ಕೆಜಿಗೆ 8 ರೆಪ್ಸ್ (ಎತ್ತಿ ಇಳಿಸುವ ಎಣಿಕೆ) ಮೇಲೆ ಹೋಗುತ್ತಿಲ್ಲ. ಮೊಣಕೈ ಬೇರೆ ನೋಯುತ್ತಿದೆ. ಜಿಮ್‌ನಲ್ಲಿ ಕೇಳಿದರೆ ಇನ್ನೂ ಸೆಟ್ ಹಾಕು ಅಂತಾರೆ. ಹಾಕಬೇಕಾ?

ಉತ್ತರ

ಬೇಡ, ಕಡಿಮೆ ಮಾಡಿ. ನಿಮ್ಮ ಶ್ರಮ ಸಾಲದು ಅಂತ ಅಲ್ಲ, ಅದು ಒಂದೇ ದಿನ ಸುರಿದುಹೋಗುತ್ತಿದೆ. ಮೊದಲ ಸೆಟ್ಟಿನಲ್ಲೇ ಕೈ ಸೋತರೆ ಎರಡನೆಯದರಲ್ಲಿ ರೆಪ್ಸ್ ಬೀಳುತ್ತವೆ, ಮೂರನೆಯದರಲ್ಲಿ ಇನ್ನೂ ಬೀಳುತ್ತವೆ. ಡಿಪ್ಸ್‌ಗೆ ಬರುವ ಹೊತ್ತಿಗೆ ದಣಿವು ಮಾತ್ರ ಜಾಸ್ತಿಯಾಗುತ್ತದೆ, ಎದೆಗೆ ಸಿಗುವುದು ಕಡಿಮೆ. ಭಾರ ಎತ್ತಿದ ಮೇಲೆ ಸ್ನಾಯು ಕಟ್ಟುವ ಕೆಲಸ ಒಂದೆರಡು ದಿನ ಜೋರಾಗಿ ನಡೆದು ಆಮೇಲೆ ಇಳಿಯುತ್ತದೆ. ನಿಮ್ಮ ಎದೆಗೆ ಮತ್ತೆ ನೇರ ಕೆಲಸ ಸಿಗುವುದು ಮುಂದಿನ ಸೋಮವಾರ, ಅಲ್ವಾ?

ಸ್ಟೀರಾಯ್ಡ್ ತಗೊಳ್ಳುವವರ ಪ್ಲಾನ್ ನೋಡಿ ನಕಲು ಮಾಡಬೇಡಿ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಾರಕ್ಕೆ 600 ಮಿ.ಗ್ರಾಂ ಟೆಸ್ಟೋಸ್ಟೆರಾನ್ (ಇದೂ ಒಂದು ಸ್ಟೀರಾಯ್ಡೇ) ಪಡೆದು ವ್ಯಾಯಾಮವನ್ನೇ ಮಾಡದವರಿಗೆ 10 ವಾರದಲ್ಲಿ ಕೊಬ್ಬಲ್ಲದ ತೂಕ ಸುಮಾರು 3 ಕೆಜಿ ಏರಿತ್ತು. ಅದಿಲ್ಲದೆ ಭಾರ ಎತ್ತಿದವರಿಗೆ ಏರಿದ್ದು ಸುಮಾರು 2 ಕೆಜಿ. ಸ್ಟೀರಾಯ್ಡ್ ತಗೊಳ್ಳುವವರಿಗೆ ಯಾವ ಪ್ಲಾನ್ ಕೊಟ್ಟರೂ ಮೈ ಬರುತ್ತದೆ. ಹಾಗಾಗಿ ಅವರ ಮೈ ಆ ಪ್ಲಾನ್ ಒಳ್ಳೆಯದು ಅನ್ನುವುದಕ್ಕೆ ಸಾಕ್ಷಿಯಲ್ಲ.

ಸೋಮವಾರ, ಗುರುವಾರ ಸೊಂಟದ ಮೇಲಿನ ಭಾಗ. ಮಂಗಳವಾರ, ಶುಕ್ರವಾರ ಕಾಲು. ಎದೆಗೆ ದಿನಕ್ಕೆ 6 ಸೆಟ್ ಸಾಕು, ವಾರಕ್ಕೆ 12 ಆಯಿತು. ಅದರಲ್ಲಿ ಮೂರು ಸೆಟ್ ಬೆಂಚ್ ಇರಲಿ, ಭಾರ 55 ಕೆಜಿಗೆ ಇಳಿಸಿ, ಇನ್ನೆರಡು ರೆಪ್ ಬರುತ್ತಿತ್ತು ಅನ್ನುವಾಗ ನಿಲ್ಲಿಸಿ. ಸೆಟ್ಟಿನ ನಡುವೆ ಮೂರು ನಿಮಿಷ ಕೂತುಕೊಳ್ಳಿ. ಮೂರೂ ಸೆಟ್ಟಿನಲ್ಲಿ 10 ರೆಪ್ಸ್ ಬಂದ ದಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಮುಂದಿನ ಸಲ ಎರಡೂ ಕಡೆ 1.25 ಕೆಜಿ ಪ್ಲೇಟ್ ಸೇರಿಸಿ. ಫೇಲ್ಯೂರ್ ಬೇಕೇ ಬೇಕು ಅನಿಸಿದರೆ ಕರ್ಲ್ಸ್, ಲ್ಯಾಟರಲ್ ರೈಸ್ ಥರದ ಸಣ್ಣ ವ್ಯಾಯಾಮಗಳ ಕೊನೆಯ ಸೆಟ್ಟಿನಲ್ಲಿ ಮಾಡಿ.

ಡಿಪ್ಸ್ ಸದ್ಯಕ್ಕೆ ಬಿಡಿ. ಎರಡು ಮೂರು ವಾರದಲ್ಲಿ ಮೊಣಕೈ ನೋವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಅಣ್ಣ. ಆದರೆ ಎರಡು ರೆಪ್ ಬಾಕಿ ಇದೆ ಅಂತ ತಿಳಿಯುವುದು ಹೇಗೆ? ಸುಮ್ನೆ ಹಗುರವಾಗಿ ಮಾಡಿ ಬಂದಂತೆ ಆಗಿಬಿಟ್ಟರೆ?

ಉತ್ತರ

ಒಳ್ಳೆಯ ಪ್ರಶ್ನೆ, ಎಷ್ಟೋ ಜನ ಎಡವುವುದು ಇಲ್ಲೇ. ಬಾರ್ ಎಷ್ಟು ಬೇಗ ಮೇಲೇರುತ್ತದೆ ಅನ್ನುವುದನ್ನು ಗಮನಿಸಿ. ನೀವು ಪೂರ್ತಿ ಬಲ ಹಾಕಿ ತಳ್ಳಿದರೂ ಅದು ತಾನಾಗಿ ನಿಧಾನವಾದರೆ ಫೇಲ್ಯೂರ್ ಹತ್ತಿರ ಬಂದಿದ್ದೀರಿ. ಮೊದಲ ರೆಪ್ಪಿನಷ್ಟೇ ಬೇಗ ಏರುತ್ತಿದ್ದರೆ ಇನ್ನೂ ತುಂಬಾ ಬಾಕಿ ಇದೆ. ತಿಂಗಳಿಗೊಮ್ಮೆ ಚೆಸ್ಟ್ ಪ್ರೆಸ್ ಮಷಿನ್‌ನಲ್ಲಿ ಎರಡು ಬಾಕಿ ಅನಿಸಿದ ಮೇಲೂ ಮುಂದುವರಿಸಿ. ಐದು ಬಂದರೆ ನಿಮ್ಮ ಅಂದಾಜು ಮೂರು ರೆಪ್ ತಪ್ಪಿದೆ. ಹಿಡಿಯುವವರು ಇಲ್ಲದೆ ಬೆಂಚ್‌ನಲ್ಲಿ ಈ ಪರೀಕ್ಷೆ ಖಂಡಿತ ಬೇಡ.

ಇನ್ನೊಬ್ಬರ ಉತ್ತರ

ಊಟದ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ಕೆಜಿಗೆ 1.6 ಗ್ರಾಂ ಲೆಕ್ಕದಲ್ಲಿ ನಿಮಗೆ ದಿನಕ್ಕೆ ಸುಮಾರು 110 ಗ್ರಾಂ ಪ್ರೋಟೀನ್ ಬೇಕು. ಮುದ್ದೆ, ಸಾರು, ಅನ್ನದಲ್ಲಿ ಅಷ್ಟು ಬರುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಇರುವುದೇ 7 ಗ್ರಾಂ. ಒಂದು ಮೊಟ್ಟೆಗೆ 6 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ಗೆ ಸುಮಾರು 25 ಗ್ರಾಂ. ಮುದ್ದೆ ಬಿಡಬೇಡಿ, ಪಕ್ಕಕ್ಕೆ ಹುರುಳಿಕಾಳು ಅಥವಾ ಕೋಳಿ ಇರಲಿ. ದಿನಾ ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ, ಅದನ್ನೂ ತಿಳಿಸಿ.