ಬೆಲೆ ಕಟ್ಟಿ ಮುಂಗಡ ಪಡೆದ ಮೇಲೆ ಕಾಫಿ ದರ ಏರಿದೆ: ಹಿಂದೆ ಸರಿಯಬಹುದೇ?

ಪ್ರಶ್ನೆ: ಸುಂಟಿಕೊಪ್ಪ ಕಡೆಯ ಬೆಳೆಗಾರ್ತಿ

ವಕೀಲರಿಗೆ ನಮಸ್ಕಾರ. ನಮ್ಮದು ಮೂರೂವರೆ ಎಕರೆ ರೋಬಸ್ಟಾ ಕಾಫಿ ತೋಟ. ಹದಿನೈದು ದಿನದ ಹಿಂದೆ ಪರಿಚಯದ ವ್ಯಾಪಾರಿಯೊಬ್ಬರು ಕಣಕ್ಕೆ ಬಂದರು. ಒಂದು ಹಿಡಿ ಚೆರ್ರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಕಿವಿಯ ಬಳಿ ಅಲುಗಾಡಿಸಿ, ಒಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಔಟ್‌ಟರ್ನ್‌ಗೆ 350 ರೂಪಾಯಿ ಎಂದರು. ನಾನು ಒಪ್ಪಿದೆ. ನಲವತ್ತು ಮೂಟೆಯ ಮಾತು. 20,000 ರೂಪಾಯಿ ಮುಂಗಡ ಅಂದೇ ನನ್ನ ಖಾತೆಗೆ ಬಂತು. ಕಾಗದ ಪತ್ರ ಏನೂ ಇಲ್ಲ. ಸೋಮವಾರ ಲಾರಿ ಬರಬೇಕಿತ್ತು, ಬರಲಿಲ್ಲ. ಈಗ ದರ 390 ಆಗಿದೆ. ಬಾಯಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ, ಮುಂಗಡ ವಾಪಸ್ ಹಾಕಿ ಬೇರೆಯವರಿಗೆ ಕೊಡು ಎಂದು ಭಾವ ಹೇಳುತ್ತಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಕಾನೂನು ಏನು ಹೇಳುತ್ತದೆ? ಕಾನೂನು ಬಿಡಿ, ನೀವಾದರೆ ಏನು ಮಾಡುತ್ತಿದ್ದಿರಿ?

ಉತ್ತರ: ವಕೀಲರು, ಮಡಿಕೇರಿ

ಅಕ್ಕಾ, ಮೊದಲು ಲೆಕ್ಕ. ಔಟ್‌ಟರ್ನ್ ಎಂದರೆ 50 ಕಿಲೋದ ಒಂದು ಮೂಟೆ ಚೆರ್ರಿಯನ್ನು ಹಲ್ಲಿಂಗ್ ಮಾಡಿದಾಗ, ಅಂದರೆ ಸಿಪ್ಪೆ ಸುಲಿದಾಗ, ಸಿಗುವ ಬೇಳೆಯ ತೂಕ, ದರ ಆ ಬೇಳೆಯ ಕಿಲೋಗೆ ಎಂಬುದು ಈ ಗುಂಪಿನಲ್ಲಿರುವ ಕೆಲವು ಪೇಟೆಯವರಿಗೂ ಗೊತ್ತಿರಲಿ. ನಿಮ್ಮ ಮಾಲಿಗೆ 28 ಕಿಲೋ ಬಂದರೆ ಮೂಟೆಗೆ ಒಪ್ಪಿದ್ದು 9,800, ಇವತ್ತಿನದು 10,920. ನಲವತ್ತು ಮೂಟೆಗೆ ವ್ಯತ್ಯಾಸ 44,800 ರೂಪಾಯಿ. ಸಣ್ಣ ತೋಟದವರಿಗೆ ಇದು ಒಂದು ಸುತ್ತು ಗೊಬ್ಬರದ ದುಡ್ಡು. ನಿದ್ದೆ ಬರದಿದ್ದರೆ ಆಶ್ಚರ್ಯವಿಲ್ಲ.

ಭಾವನವರ ಮಾತು ಕಾನೂನಿನ ಪ್ರಕಾರ ತಪ್ಪು. 1930ರ ಸರಕು ಮಾರಾಟ ಕಾಯ್ದೆಯ 5ನೇ ಕಲಂ ಪ್ರಕಾರ ಮಾರಾಟದ ಒಪ್ಪಂದ ಬಾಯಿಮಾತಿನಲ್ಲೂ ಆಗುತ್ತದೆ. ಮುಂಗಡ ಬ್ಯಾಂಕಿನ ಮೂಲಕ ಬಂದಿರುವುದರಿಂದ ಸಾಕ್ಷಿಯೂ ಇದೆ. ಒಂದು ಸೂಕ್ಷ್ಮ ಮಾತ್ರ ಗಮನಿಸಿ. ಬೆಲೆ ಗೊತ್ತಾಗಲು ಮಾರುವವರು ತೂಕವೋ ಪರೀಕ್ಷೆಯೋ ಮಾಡಿಕೊಡಬೇಕಾದಾಗ, ಅದು ಮುಗಿದು ಕೊಳ್ಳುವವರಿಗೆ ತಿಳಿಯುವವರೆಗೆ ಮಾಲಿನ ಒಡೆತನ ದಾಟುವುದಿಲ್ಲ ಎನ್ನುತ್ತದೆ 22ನೇ ಕಲಂ. ಕಣದಲ್ಲಿರುವ ಮೂಟೆಗಳು ಇನ್ನೂ ನಿಮ್ಮವೇ ಎಂದು ವಾದಿಸಬಹುದು. ಹಾಗೆಂದು ಕೊಟ್ಟ ಮಾತಿನ ಹೊಣೆ ಹೋಗುವುದಿಲ್ಲ. ನೀವು ಬೇರೆಯವರಿಗೆ ಮಾರಿದರೆ ಅವರು ಕೇಳಬಹುದಾದ ಪರಿಹಾರ ಒಪ್ಪಿದ ಬೆಲೆಗೂ ಮಾಲು ಕೊಡಬೇಕಿದ್ದ ದಿನದ ಪೇಟೆ ಬೆಲೆಗೂ ಇರುವ ಅಂತರ. ಅಂದರೆ ಸರಿಸುಮಾರು ಅದೇ 44,800.

ಅವರು ನ್ಯಾಯಾಲಯಕ್ಕೆ ಹೋಗುತ್ತಾರೆಯೇ? ಬಹುಶಃ ಇಲ್ಲ. ಇಷ್ಟು ಮೊತ್ತಕ್ಕೆ ದಾವೆ ಹೂಡಿ ವರ್ಷಗಟ್ಟಲೆ ಮಡಿಕೇರಿಯ ಮಳೆಯಲ್ಲಿ ಓಡಾಡುವ ವ್ಯಾಪಾರಿಯನ್ನು ನಾನು ಹೆಚ್ಚು ಕಂಡಿಲ್ಲ. ಭಾವನವರ ಧೈರ್ಯದ ಮೂಲವೂ ಅದೇ ಇರಬೇಕು.

ನಾನಾದರೆ ಏನು ಮಾಡುತ್ತಿದ್ದೆ ಎಂದು ಕೇಳಿದ್ದೀರಿ. ನನ್ನದೂ ಎರಡು ಎಕರೆ ಇದೆ, ಹಾಗಾಗಿ ತಪ್ಪಿಸಿಕೊಳ್ಳಲಾರೆ. ಅಂದು 350 ನಿಮಗೆ ಸರಿಯೆಂದು ಕಂಡಿತ್ತು. ಅವರು ಸುಳ್ಳು ಹೇಳಲಿಲ್ಲ, ದರ ಮುಚ್ಚಿಡಲಿಲ್ಲ. ಮೊಬೈಲಿನಲ್ಲಿ ನೀವೂ ನೋಡಿರುತ್ತೀರಿ. ದರ 310ಕ್ಕೆ ಬಿದ್ದು ಅವರು ಬಂದು ‘ಅಕ್ಕಾ, 320 ಮಾಡಿಕೊಳ್ಳಿ’ ಎಂದಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದಿರಿ. ನಾನಾದರೆ ಕೊಡುತ್ತಿದ್ದೆ. ಹೊಟ್ಟೆ ಉರಿದುಕೊಂಡೇ ಕೊಡುತ್ತಿದ್ದೆ, ನಗುನಗುತ್ತಾ ಎಂದು ಹೇಳಲಾರೆ.

ಆದರೆ ಲಾರಿಯ ವಿಷಯವನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಸೋಮವಾರ ಏನಾಯಿತು? ಅದು ಮುಖ್ಯ.

ಬೆಳೆಗಾರ್ತಿ:

ಭಾನುವಾರ ಸಂಜೆ ಫೋನ್ ಮಾಡಿದ್ದರು. ಲಾರಿ ಸಿಗಲಿಲ್ಲ, ಮುಂದಿನ ಗುರುವಾರ ಬರುತ್ತೇನೆ ಎಂದರು. ನಾನು ಆಗಲಿ ಎಂದೆ. ಆಗ ದರ 355 ಇತ್ತು.

ವಕೀಲರು:

ಆಗಲಿ ಎಂದಿರಿ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ‘ಸೋಮವಾರ ಬಾರದಿದ್ದರೆ ಮಾತಿಲ್ಲ’ ಎಂದು ಮೊದಲೇ ಹೇಳಿದ್ದು, ಅವರು ಹೇಳದೆ ಕೇಳದೆ ತಪ್ಪಿಸಿದ್ದರೆ ನಿಮ್ಮ ಕೈ ಬಿಡುವಾಗುತ್ತಿತ್ತು. 355 ಇದ್ದಾಗ ಒಪ್ಪಿದ ತಡ, 390 ಆದ ಮೇಲೆ ತಪ್ಪಾಗುವುದಿಲ್ಲ.

ಕುಶಾಲನಗರದ ವ್ಯಾಪಾರಿ:

ನಾನು ಆ ವ್ಯಾಪಾರಿ ಅಲ್ಲ, ಆದರೂ ಒಂದು ಮಾತು. 2017ರಲ್ಲಿ ಕರಿಮೆಣಸಿನ ದರ ಇಳಿಯತೊಡಗಿದಾಗ ಕಿಲೋಗೆ 620ರಂತೆ ಮಾತಾಡಿದ ಮಾಲು ನನ್ನ ಗೋದಾಮಿಗೆ ಬರುವಾಗ 560 ಆಗಿತ್ತು. 620 ಕೊಟ್ಟೆ. ಆಗ ಯಾರೂ ಬಂದು ‘ಪಾಪ, ನಿಮಗೆ ನಷ್ಟವಾಯಿತು’ ಎನ್ನಲಿಲ್ಲ. ನಿಮ್ಮ ವ್ಯಾಪಾರಿಯೂ ಅದೇ 350ರ ಲೆಕ್ಕದಲ್ಲಿ ಕ್ಯೂರಿಂಗ್‌ನವರಿಗೆ (ಚೆರ್ರಿ ಸುಲಿದು ಬೇಳೆ ವಿಂಗಡಿಸುವವರು) ಮಾತು ಕೊಟ್ಟಿರಬಹುದು. ಮಾಲು ಬಾರದಿದ್ದರೆ ಅವರು 390 ಕೊಟ್ಟು ಕೊಂಡು ತುಂಬಿಸಬೇಕು.

ವಕೀಲರು:

ಒಪ್ಪಿದೆ. ನಿಮ್ಮಂಥವರಿದ್ದಾರೆ. ಪೇಟೆ ಬಿದ್ದ ವಾರವೇ ಮಾಲಿನ ತೇವಾಂಶವನ್ನು ಹೆಚ್ಚು ತೋರಿಸುವ ಮೀಟರ್‌ಗಳನ್ನೂ ನಾನು ಕಂಡಿದ್ದೇನೆ! ಬೆಳೆಗಾರರ ಕಡೆಯಲ್ಲೂ ಇದೇ ಚಾಳಿ. ಮಾತು ಉಳಿಸಿಕೊಂಡೆ ಎಂದು ಎದೆ ತಟ್ಟಿಕೊಂಡು, ಮೂಟೆಯ ನಡುವೆ ಸರಿಯಾಗಿ ಒಣಗದ ಚೆರ್ರಿ ತುಂಬುವವರು. ಅಕ್ಕಾ, ಕೊಡುವುದಾದರೆ ಅವರು ಕಚ್ಚಿ ನೋಡಿದ ಮಾಲನ್ನೇ ಕೊಡಿ. 390ರ ಸಿಟ್ಟನ್ನು ಗೋಣಿಗೆ ತುಂಬಬೇಡಿ.

ಎಲ್ಲರ ಕಾಫಿಯನ್ನೂ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುವ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಈ ಸಂಕಟವೇ ಇರಲಿಲ್ಲ ಎಂದು ಹಳಬರು ಹೇಳುತ್ತಾರೆ. ಕಾಫಿಯನ್ನು ಮಂಡಳಿಗೆ ಒಪ್ಪಿಸುವುದು, ಹಣ ಕಂತಿನಲ್ಲಿ ಬರುವುದನ್ನು ಕಾಯುವುದು, ಬೈಯುವುದಿದ್ದರೆ ಮಂಡಳಿಯನ್ನು ಬೈಯುವುದು. 1996ರ ಹೊತ್ತಿಗೆ ಅದು ಪೂರ್ತಿ ಮುಗಿಯಿತು. ಯಾವ ದಿನ ಮಾರಬೇಕು ಎಂಬ ಸ್ವಾತಂತ್ರ್ಯ ಬಂತು, ಜೊತೆಗೆ ಆ ದಿನಕ್ಕಾಗಿ ಕೈ ಕೈ ಹಿಸುಕಿಕೊಳ್ಳುವ ಸ್ವಾತಂತ್ರ್ಯವೂ.

ವಿರಾಜಪೇಟೆ ಕಡೆಯ ಸದಸ್ಯ:

ಸರ್, ಇದಕ್ಕೆ ಹತ್ತಿರದ ಇನ್ನೊಂದು ಪ್ರಶ್ನೆ. ನಮ್ಮ ಐನ್‌ಮನೆಯಲ್ಲಿದ್ದ (ಮನೆತನದ ಮೂಲಮನೆ) ಹಳೆಯ ಹಿತ್ತಾಳೆ ತೂಗುದೀಪವನ್ನು ಚಿಕ್ಕಪ್ಪ ಕಳೆದ ತಿಂಗಳು ಹಳೆ ಸಾಮಾನು ಕೊಳ್ಳುವವರಿಗೆ 6,000 ರೂಪಾಯಿಗೆ ಕೊಟ್ಟಿದ್ದಾರೆ. ಅಂಥದ್ದೇ ದೀಪಕ್ಕೆ ಬೆಂಗಳೂರಿನಲ್ಲಿ ಹತ್ತು ಪಟ್ಟು ಬೆಲೆ ಎಂದು ಈಗ ತಿಳಿಯಿತು. ಇದಕ್ಕೂ ನೀವು ಮಾತು ಎಂದರೆ ಮಾತು ಎನ್ನುತ್ತೀರಾ?

ವಕೀಲರು:

ಇಲ್ಲ, ಇದು ಬೇರೆ. ಕಾಫಿಯ ದರ ಇಬ್ಬರಿಗೂ ಗೊತ್ತಿತ್ತು, ನಾಳೆಯ ದರ ಇಬ್ಬರಿಗೂ ಗೊತ್ತಿರಲಿಲ್ಲ. ದೀಪದ ಬೆಲೆ ಒಬ್ಬರಿಗೆ ಮಾತ್ರ ಗೊತ್ತಿತ್ತು. ಕಡಿಮೆ ಬೆಲೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಬೀಳುವುದಿಲ್ಲ, ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆಯೂ ಆಗುವುದಿಲ್ಲ. 1872ರ ಕರಾರು ಕಾಯ್ದೆ ಈ ವಿಷಯದಲ್ಲಿ ಸ್ವಲ್ಪ ಕಲ್ಲು ಹೃದಯದ್ದು. ಆದರೆ ತಿಳಿದೂ ತಿಳಿದೂ ‘ಇದಕ್ಕೆ ಗುಜರಿ ಬೆಲೆ ಬಿಟ್ಟು ಬೇರೆ ಗಿರಾಕಿಯಿಲ್ಲ’ ಎಂದು ನಂಬಿಸಿದ್ದರೆ ಮಾತು ಬೇರೆ. ಅವರು ಆಡಿದ ಮಾತನ್ನು ಚಿಕ್ಕಪ್ಪನವರಿಂದ ಚಾಚೂ ತಪ್ಪದೆ ಬರೆಸಿಕೊಳ್ಳಿ.

ಅದಕ್ಕೂ ಮೊದಲಿನ ಪ್ರಶ್ನೆ: ದೀಪ ಯಾರದು? ಐನ್‌ಮನೆಯ ದೀಪ ಒಕ್ಕದ್ದಾದರೆ, ಅಂದರೆ ಇಡೀ ಮನೆತನದ್ದಾದರೆ, ಒಬ್ಬರೇ ಮಾರಲು ಅಧಿಕಾರವಿತ್ತೇ? ಎಲ್ಲರ ಒಪ್ಪಿಗೆಯಿಂದ ಅದು ಚಿಕ್ಕಪ್ಪನ ವಶದಲ್ಲೇ ಇದ್ದು, ಕೊಂಡವರು ಏನೂ ಅರಿಯದೆ ಪ್ರಾಮಾಣಿಕವಾಗಿ ಕೊಂಡಿದ್ದರೆ ಮರಳಿ ಪಡೆಯುವುದು ಕಷ್ಟ. ಐನ್‌ಮನೆಯ ನಡುಮನೆಯಿಂದ ಇಳಿಸಿಕೊಂಡು ಹೋದವರು ‘ನನಗೆ ಗೊತ್ತಿರಲಿಲ್ಲ’ ಎಂದರೆ ನಾನಂತೂ ಸುಲಭಕ್ಕೆ ನಂಬುವುದಿಲ್ಲ. ತಡ ಮಾಡದೆ 6,000 ಹಿಡಿದುಕೊಂಡು ಹೋಗಿ ಕೇಳಿ. ದೀಪ ಕೈ ದಾಟಿದಷ್ಟೂ ದಾರಿ ಉದ್ದವಾಗುತ್ತದೆ.

ಬೆಳೆಗಾರ್ತಿ:

ವಕೀಲರೇ, ವ್ಯಾಪಾರಿಯ ಹತ್ತಿರ ಸ್ವಲ್ಪ ಹೆಚ್ಚಿಗೆ ಕೇಳಿದರೆ ತಪ್ಪೇ?

ವಕೀಲರು:

ಕೇಳುವುದು ತಪ್ಪಲ್ಲ. ಯಾವಾಗ, ಹೇಗೆ ಎಂಬುದರಲ್ಲಿ ತಪ್ಪಿದೆ. ಇವತ್ತೇ ಫೋನ್ ಮಾಡಿ, ‘ಮಾಲು ನಿಮ್ಮದೇ, ಕೊಡುತ್ತೇನೆ. ದರ ಇಷ್ಟು ಏರಿದೆ, ನಿಮಗೆ ಏನಾದರೂ ಸೇರಿಸಲು ಆಗುತ್ತದೆಯೇ?’ ಎನ್ನಿ. ಲಾರಿ ಕಣಕ್ಕೆ ಬಂದು, ಹೊರುವವರು ಗೋಣಿಗೆ ಕೈ ಹಾಕಿದ ಮೇಲೆ ಗೇಟಿಗೆ ಅಡ್ಡ ನಿಂತು ಕೇಳಿದರೆ ಅದು ಕೇಳುವುದಲ್ಲ, ಕುತ್ತಿಗೆ ಹಿಡಿಯುವುದು. ಅವರು ಇಲ್ಲವೆಂದರೆ ಅಲ್ಲಿಗೆ ಬಿಡಿ. ಮುಂದಿನ ವರ್ಷ ನಲವತ್ತೂ ಮೂಟೆಗೆ ಒಂದೇ ದಿನ ಬೆಲೆ ಕಟ್ಟಬೇಡಿ, ಅರ್ಧ ಕಟ್ಟಿ, ಅರ್ಧ ಇಟ್ಟುಕೊಳ್ಳಿ.

ಬೆಳೆಗಾರ್ತಿ (ಶುಕ್ರವಾರ):

ನಿನ್ನೆ ಲಾರಿ ಬಂತು. ಬುಧವಾರವೇ ಫೋನ್ ಮಾಡಿ ಕೇಳಿದ್ದೆ, ಆಗುವುದಿಲ್ಲ ಎಂದರು. ಮಾಲು 350ಕ್ಕೇ ಹೋಯಿತು. ಔಟ್‌ಟರ್ನ್ 28 ಬಂತು, ತೇವಾಂಶದ ತಕರಾರು ತೆಗೆಯಲಿಲ್ಲ. ತೂಕ ಮಾಡಿದಾಗ ನಲವತ್ತರ ಮೇಲೆ ಮೂರು ಮೂಟೆ ಉಳಿಯಿತು. ಅದನ್ನೂ ಎತ್ತಲು ಹೋದರು. ನಮ್ಮ ಮಾತು ನಲವತ್ತಕ್ಕೆ, ಇದಕ್ಕೆ ಇವತ್ತಿನ ದರ ಎಂದೆ. ಒಂದು ಕ್ಷಣ ನನ್ನ ಮುಖ ನೋಡಿದರು. ನಕ್ಕು, 392ರಂತೆ ಕೊಟ್ಟರು. ಭಾವ ಮಾತ್ರ ಇನ್ನೂ ಊಟಕ್ಕೆ ಕರೆದರೆ ಬರುತ್ತಿಲ್ಲ.