ಕೆಲಸ ಬಾಟ್‌ಗೆ ಹೋಯಿತು. ಎಲ್ಲರಿಗೂ ತಿಂಗಳಿಗಿಷ್ಟು ಅಂತ ದುಡ್ಡು ಕೊಡುವುದು ಆಗುವ ಮಾತಾ?

ಹೆಡ್‌ಸೆಟ್ ಇಳಿಸಿದವ:

ನಮಸ್ಕಾರ ಎಲ್ಲರಿಗೂ. 9 ವರ್ಷ ಬೆಂಗಳೂರಿನ ಒಂದು ಬಿಪಿಒದಲ್ಲಿ ಇದ್ದೆ. ಮೊದಲು ಫೋನು, ಆಮೇಲೆ ಚಾಟು. ಹೋದ ವರ್ಷ ಬಾಟ್ ತಂದರು. ಉತ್ತರ ಅದು ಬರೆಯುತ್ತದೆ, ನೀವು ನೋಡಿ ಕಳಿಸಿ ಅಂದರು. ಅದು ತಪ್ಪು ಬರೆದಾಗಲೆಲ್ಲ ನಾವೇ ತಿದ್ದಬೇಕು. ಹೀಗೆ ಎಂಟು ತಿಂಗಳು ಅದಕ್ಕೆ ಪಾಠ ಹೇಳಿಕೊಟ್ಟೆವು. 40 ಜನ ಇದ್ದ ಟೀಮಿನಲ್ಲಿ ಈಗ 9 ಜನ ಇದ್ದಾರೆ. ಆ 9ರಲ್ಲಿ ನಾನಿಲ್ಲ.

ಎಐ ಮಾಡುವ ದೊಡ್ಡ ದೊಡ್ಡವರೇ ಹೇಳುತ್ತಾರಲ್ಲ, ಮುಂದೆ ಎಲ್ಲರಿಗೂ ಮೂಲ ಆದಾಯ ಕೊಡಬೇಕಾಗಬಹುದು ಅಂತ. ಕೆಲಸ ಇರಲಿ ಬಿಡಲಿ, ಬಡವ ಶ್ರೀಮಂತ ಅಂತ ನೋಡದೆ, ಷರತ್ತಿಲ್ಲದೆ ತಿಂಗಳು ತಿಂಗಳು ಅಕೌಂಟಿಗೆ ದುಡ್ಡು. ಇದನ್ನು ಮನೆಯಲ್ಲಿ ಹೇಳಿದ್ದಕ್ಕೆ ನಮ್ಮ ಮಾವ "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಅಂದುಬಿಟ್ಟರು. ನಾನು ಎದುರಿಗೇ ತಟ್ಟೆ ಮುಂದೆ ಕೂತಿದ್ದೆ.

ನಿಜವಾಗಿ ಎಲ್ಲಾದರೂ ಕೊಟ್ಟು ನೋಡಿದ್ದಾರಾ? ಅಮ್ಮನಿಗೆ ಗೃಹಲಕ್ಷ್ಮಿ 2,000 ಬರುತ್ತದೆ, ಇದೂ ಅದೇ ತರಹದ್ದಾ? ಅಷ್ಟು ದುಡ್ಡು ಎಲ್ಲಿಂದ ತರುತ್ತಾರೆ? ಪಾರ್ಟಿ ಜಗಳ ಬೇಡ, ಗೊತ್ತಿದ್ದವರು ಹೇಳಿ.

ಕೂಡುಕಳೆ:

ಮೊದಲು ಒಂದು ಕೆಲಸಕ್ಕೆ ಬರುವ ಪ್ರಶ್ನೆ. ನಿಮ್ಮ ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ವಿಮೆಯ ದುಡ್ಡು ಹಿಡಿಯುತ್ತಿದ್ದರಾ? ಹಿಡಿಯುತ್ತಿದ್ದರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಒಂದಿದೆ, 2018ರಲ್ಲಿ ಬಂದದ್ದು. ಕೆಲಸ ಹೋದವರಿಗೆ ಸರಾಸರಿ ದಿನದ ಸಂಬಳದ ಅರ್ಧ, ಹೆಚ್ಚೆಂದರೆ 90 ದಿನ ಕೊಡುವಂಥದ್ದು, ಈಗಲೂ ಇದೆಯಾ ಅಂತ ಒಮ್ಮೆ ವಿಚಾರಿಸಿ. ಸುಮಾರು ಜನಕ್ಕೆ ಇದು ಗೊತ್ತೇ ಇಲ್ಲ.

ಇನ್ನು ಲೆಕ್ಕ. ತಲೆಗೆ ತಿಂಗಳಿಗೆ ಬರೀ 1,000 ಅಂತ ಇಟ್ಟುಕೊಳ್ಳಿ, ಮಕ್ಕಳನ್ನೂ ಸೇರಿಸಿ. 140 ಕೋಟಿ ಜನಕ್ಕೆ ವರ್ಷಕ್ಕೆ 16.8 ಲಕ್ಷ ಕೋಟಿ ಆಯಿತು. 2025-26ರ ಕೇಂದ್ರ ಬಜೆಟ್ಟಿನ ಒಟ್ಟು ಖರ್ಚೇ 50.65 ಲಕ್ಷ ಕೋಟಿ. ಮೂರರಲ್ಲಿ ಒಂದು ಪಾಲು ಇದಕ್ಕೇ ಹೋಯಿತು, ಕೈಗೆ ಬಂದದ್ದು ಒಂದು ಸಿಲಿಂಡರಿನ ದುಡ್ಡು. ರಾಜ್ಯದಲ್ಲಿ 7 ಕೋಟಿ ಜನ ಅಂದರೆ 84,000 ಕೋಟಿ ಬೇಕು. ಅದೇ ವರ್ಷ ಐದೂ ಗ್ಯಾರಂಟಿಗೆ ಸೇರಿಸಿ ಇಟ್ಟದ್ದು 51,034 ಕೋಟಿ, ಅದಕ್ಕೇ ಎಷ್ಟು ಕೂಗಾಟ ನೋಡಿದ್ದೀರಲ್ಲ.

ದೆಹಲಿಯವರು ಇದನ್ನು ಯೋಚಿಸಿಲ್ಲ ಅಂತಲ್ಲ. 2016-17ರ ಆರ್ಥಿಕ ಸಮೀಕ್ಷೆಯಲ್ಲಿ ಆಗಿನ ಕೇಂದ್ರದ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ್ ಸುಬ್ರಮಣಿಯನ್ ಇದಕ್ಕೇ ಒಂದು ಅಧ್ಯಾಯ ಇಟ್ಟಿದ್ದರು. ಒಬ್ಬರಿಗೆ ವರ್ಷಕ್ಕೆ 7,620 ರೂಪಾಯಿ, ತಿಂಗಳಿಗೆ 635. ಹೆಸರಿಗೆ ಎಲ್ಲರಿಗೂ, ಲೆಕ್ಕ ಹಾಕಿದ್ದು ನೂರಕ್ಕೆ 75 ಜನಕ್ಕೆ. ನನಗೆ ಹೆದರಿಕೆ ಆಗುವುದು ಅದರ ಇನ್ನೊಂದು ತುದಿ. ಈಗಿರುವ ಸಬ್ಸಿಡಿಗಳನ್ನು ತೆಗೆದು ಆ ಜಾಗಕ್ಕೆ ಇದನ್ನು ತರಬಹುದು ಅನ್ನುವ ವಾದ. ಅಕ್ಕಿಗೆ ರೇಟು ಏರಿದರೂ ರೇಷನ್ನಿನ ಅಕ್ಕಿಯ ಒಂದು ಕೆಜಿ ಒಂದು ಕೆಜಿಯೇ. ದುಡ್ಡು ಹಾಗಲ್ಲ. ಇರಾನಿನಲ್ಲಿ 2010ರ ಕೊನೆಗೆ ಪೆಟ್ರೋಲು, ಬ್ರೆಡ್ಡಿನ ಸಬ್ಸಿಡಿ ಕಡಿದು ತಲೆಗೆ ತಿಂಗಳಿಗೆ 4,55,000 ರಿಯಾಲ್ ಕೊಟ್ಟರು. ಮೊದಲಿಗೆ ಚೆನ್ನಾಗಿಯೇ ಇತ್ತು. ಆ ಅಂಕಿ ಅಲ್ಲೇ ನಿಂತಿತು, ಬೆಲೆ ಓಡಿತು, ಕೆಲವೇ ವರ್ಷಕ್ಕೆ ಅದರ ಬೆಲೆಯೇ ಹೋಯಿತು.

ಗೃಹಲಕ್ಷ್ಮಿ ಎಲ್ಲರಿಗೂ ಅಲ್ಲ. ಮನೆಗೊಬ್ಬ ಯಜಮಾನಿಗೆ, ಅದೂ ಆಕೆ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾಗಿರಬಾರದು. ಆದರೆ ಕೊಟ್ಟ ಮೇಲೆ ಏನು ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಅಷ್ಟರ ಮಟ್ಟಿಗೆ ತಂಗಿ ಅನ್ನಬಹುದು.

ಹೆಡ್‌ಸೆಟ್ ಇಳಿಸಿದವ:

ಥ್ಯಾಂಕ್ಸ್ ಸಾರ್. ಇಎಸ್‌ಐ ಮೊದಲು ಇತ್ತು. ಸಂಬಳ 21,000 ದಾಟಿದ ಮೇಲೆ ನಿಂತುಹೋಯಿತು. ಆಗ ಸ್ವೀಟ್ ಹಂಚಿದ್ದೆ ಬೇರೆ. ಯುವನಿಧಿ ನೋಡಿದೆ, ಅದು ಈಗಷ್ಟೇ ಪಾಸಾದವರಿಗಂತೆ. ನಾನು ಬಡವನೂ ಅಲ್ಲ, ಯುವಕನೂ ಅಲ್ಲ, ಯಜಮಾನಿಯೂ ಅಲ್ಲ.

ಹೆಲ್ಸಿಂಕಿ ಚಳಿ:

ನಾನಿರುವುದು ಫಿನ್‌ಲ್ಯಾಂಡಿನಲ್ಲಿ. ಇಲ್ಲಿ ನಡೆದ ಮೂಲ ಆದಾಯದ ಪ್ರಯೋಗದ ಕಥೆಯನ್ನು ಅರ್ಧ ಮಾತ್ರ ಹೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. 2017 ಮತ್ತು 2018, ಎರಡೇ ವರ್ಷ. ಮೊದಲೇ ಕೆಲಸವಿಲ್ಲದ 2,000 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ತಿಂಗಳಿಗೆ 560 ಯೂರೋ ಕೊಟ್ಟರು. ಕೆಲಸ ಸಿಕ್ಕರೂ ನಿಲ್ಲಿಸುವುದಿಲ್ಲ, ಅದೇ ಇದರ ವಿಶೇಷ. ಆ ಜನ ಮಲಗಿಬಿಟ್ಟರಾ ಅಂದರೆ ಇಲ್ಲ, ಉಳಿದ ನಿರುದ್ಯೋಗಿಗಳಿಗಿಂತ ಎರಡನೇ ವರ್ಷ ಸರಾಸರಿ ಆರು ದಿನ ಜಾಸ್ತಿಯೇ ಕೆಲಸ ಮಾಡಿದರು. ಆರೇ ದಿನ, ನಗಬೇಡಿ. ದೊಡ್ಡ ವ್ಯತ್ಯಾಸ ಕಂಡದ್ದು ಮನಸ್ಸಿನಲ್ಲಿ. ಒತ್ತಡ ಕಡಿಮೆ, ಬೇರೆಯವರ ಮೇಲೆ, ಸರ್ಕಾರದ ಮೇಲೆ ನಂಬಿಕೆ ಜಾಸ್ತಿ.

ಅಮೆರಿಕದಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಸ್ಯಾಮ್ ಆಲ್ಟ್‌ಮನ್ ಕೂಡ ದುಡ್ಡು ಹಾಕಿದ ಒಂದು ಪ್ರಯೋಗ ನಡೆಯಿತು, ಟೆಕ್ಸಸ್ ಮತ್ತು ಇಲಿನಾಯ್‌ನಲ್ಲಿ. 1,000 ಜನಕ್ಕೆ ತಿಂಗಳಿಗೆ 1,000 ಡಾಲರ್, ಮೂರು ವರ್ಷ. 2024ರಲ್ಲಿ ಲೆಕ್ಕ ಹೊರಗೆ ಬಂತು. ದುಡಿಮೆ ವಾರಕ್ಕೆ ಒಂದೂಕಾಲು ಗಂಟೆಯಷ್ಟು ಇಳಿದಿತ್ತು. ನಿಮ್ಮ ಮಾವನವರಿಗೆ ಇದನ್ನೂ ಹೇಳಿ, ಒಂದೂಕಾಲು ಗಂಟೆಯ ಮಟ್ಟಿಗೆ ಅವರದೂ ಸರಿ. ಆದರೆ ಯಂತ್ರ ಬಂದು ಒಂದು ಊರಿನ ಕೆಲಸವೇ ಹೋದ ಮೇಲೆ ಏನಾಗುತ್ತದೆ ಅಂತ ಈ ಎರಡೂ ನೋಡಿಲ್ಲ.

ಮೆಟ್ಟುಗತ್ತಿ:

ಅದನ್ನು ನಾನು ನೋಡಿದ್ದೇನೆ. ನಮ್ಮದು ಶಿರಸಿ ಕಡೆ. ಅಡಿಕೆ ಸುಗ್ಗಿ ಬಂತೆಂದರೆ ಊಟ ಮುಗಿಸಿ ಹತ್ತು ಹದಿನೈದು ಹೆಂಗಸರು ಮೆಟ್ಟುಗತ್ತಿ, ಅಂದರೆ ಕಾಲಲ್ಲಿ ಮೆಟ್ಟಿಕೊಂಡು ಅಡಿಕೆ ಸುಲಿಯುವ ಕತ್ತಿ, ಹಾಕಿಕೊಂಡು ಸಾಲಾಗಿ ಕೂರುತ್ತಿದ್ದರು, ರಾತ್ರಿ ಹನ್ನೊಂದಾದರೂ ಏಳುತ್ತಿರಲಿಲ್ಲ. ಡಬ್ಬಕ್ಕೆ ಇಷ್ಟು ಅಂತ ಲೆಕ್ಕ. ಕೈಗೆ ಹತ್ತಿದ ಕರೆ ಸುಗ್ಗಿ ಮುಗಿದ ಮೇಲೂ ಹೋಗುತ್ತಿರಲಿಲ್ಲ. ಆಮೇಲೆ ಸುಲಿಯುವ ಮೆಷಿನ್ ಬಂತು. ನಮ್ಮ ಮನೆಗೂ ಬಂತು, ಸುಳ್ಳು ಯಾಕೆ ಹೇಳಲಿ. ಈಗ ಇಬ್ಬರೇ ಹೆಂಗಸರು ಬರುತ್ತಾರೆ, ಮೆಷಿನ್ ಅರ್ಧ ಸುಲಿದು ಬಿಟ್ಟದ್ದನ್ನು ಆರಿಸಿ ಕತ್ತಿಗೆ ಕೊಡಲಿಕ್ಕೆ. ನಿಮ್ಮ ಟೀಮಿನ 9 ಜನರ ಹಾಗೆ.

ಆ ಹೆಂಗಸರಿಗೆ ಆಗ ಯಾರೂ ಮೂಲ ಆದಾಯದ ಮಾತು ಆಡಲಿಲ್ಲ. ನೀವು ಇಂಗ್ಲಿಷ್ ಮಾತಾಡುವವರ ಕೆಲಸ ಹೋಗಲಿಕ್ಕೆ ಶುರುವಾದ ಮೇಲೆ ಈ ಮಾತು ಜೋರಾಗಿದೆ. ಬೇಜಾರು ಮಾಡಿಕೊಳ್ಳಬೇಡಿ.

ಗೃಹಲಕ್ಷ್ಮಿ ದುಡ್ಡಿನಿಂದ ಅವರು ಕೆಲಸ ಬಿಟ್ಟರಾ? ಇಲ್ಲ. ಬಿಟ್ಟದ್ದು ಮುಂಗಡ. ಮಳೆಗಾಲದಲ್ಲಿ ಅಕ್ಕಿಗೆ, ಮಕ್ಕಳ ಪುಸ್ತಕಕ್ಕೆ ಅಂತ ನಮ್ಮಂಥವರ ಹತ್ತಿರ ಮುಂಗಡ ತಗೊಂಡು ಸುಗ್ಗಿಯಲ್ಲಿ ನಾವು ಹೇಳಿದ ರೇಟಿಗೆ ಸುಲಿದು ತೀರಿಸುತ್ತಿದ್ದರು. ಈಗ ಮೊದಲು ರೇಟು ಹೇಳಿ, ಆಮೇಲೆ ಬರುತ್ತೇವೆ ಅನ್ನುತ್ತಾರೆ. ನಮ್ಮ ಯಜಮಾನರು ಇದಕ್ಕೆ "ಸೊಕ್ಕು" ಅನ್ನುತ್ತಾರೆ. ನನಗೇನೋ ಆ 2,000ದಲ್ಲಿ ಬಂದ ಒಳ್ಳೆಯ ಸಾಮಾನು ಅದೇ ಅನ್ನಿಸುತ್ತದೆ.

ಹೋದ ವರ್ಷ ಅವರಲ್ಲೇ ನಾಲ್ಕು ಜನ ಸಂಘದಲ್ಲಿ ಸಾಲ ಎತ್ತಿ ಒಂದು ಸಣ್ಣ ಮೆಷಿನ್ ತಂದರು. ಸುಲಿದ ಕೂಲಿ ಈಗ ಅವರಿಗೆ.

ಕೂಡುಕಳೆ:

ಅಕ್ಕಾ, ಮೇಲೆ ನಾನು ಹಾಕಿದ ಲೆಕ್ಕದಲ್ಲಿ ಈ ಮುಂಗಡದ ಸಾಲು ಇರಲಿಲ್ಲ. ಅದು ಬಜೆಟ್ಟಿನಲ್ಲಿ ಕಾಣುವುದೇ ಇಲ್ಲ ಅಲ್ವಾ.

ಅಮೆರಿಕದ ಅಲಾಸ್ಕ ರಾಜ್ಯದ್ದು ಒಂದು ಹೇಳಿಬಿಡುತ್ತೇನೆ. ಅಲ್ಲಿ 1982ರಿಂದ ಪ್ರತಿ ವರ್ಷ ರಾಜ್ಯದವರಿಗೆಲ್ಲ ಚೆಕ್ ಬರುತ್ತದೆ, ಮಕ್ಕಳಿಗೂ. 2022ರಲ್ಲಿ ತಲೆಗೆ 3,284 ಡಾಲರ್ ಬಂತು. ಯಾರೂ ಅದನ್ನು ಬಿಟ್ಟಿ ದುಡ್ಡು ಅನ್ನುವುದಿಲ್ಲ, ಯಾಕೆಂದರೆ ಅಲ್ಲಿನ ನೆಲದಡಿಯ ಪೆಟ್ರೋಲಿಯಂ ಎಣ್ಣೆ ಎಲ್ಲರದು, ಇದು ಅದರ ಪಾಲು. ಹೆಡ್‌ಸೆಟ್ ಅವರೇ, ನಿಮ್ಮ 9 ವರ್ಷದ ಚಾಟೂ ಆ ಬಾಟಿಗೆ ಎಣ್ಣೆಯೇ. ತಿಂಗಳಿಗೆ ಎಷ್ಟು ಕೊಡುತ್ತೀರಿ ಅಂತ ಕೇಳುವುದಕ್ಕಿಂತ ನನ್ನ ಪಾಲು ಎಲ್ಲಿ ಅಂತ ಕೇಳಬೇಕು. ಯಾರ ಹತ್ತಿರ ಹೋಗಿ ಕೇಳುವುದು ಅನ್ನಬೇಡಿ, ಆ ಬಾಗಿಲು ಇನ್ನೂ ಯಾರೂ ಕಟ್ಟಿಲ್ಲ.

ಹೆಡ್‌ಸೆಟ್ ಇಳಿಸಿದವ:

ಬೇಜಾರಿಲ್ಲ ಅಕ್ಕಾ, ನೀವು ಹೇಳಿದ್ದು ನಿಜ. ಅಮ್ಮನೂ ಮೊದಲು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು, ಅಲ್ಲಿಗೆ ಹೊಸ ಮೆಷಿನ್ ಬಂದಾಗ ನಾನು ಕಾಲೇಜಿನಲ್ಲಿದ್ದೆ, ಏನಾಯಿತು ಅಂತ ಒಂದು ಮಾತು ಕೇಳಲಿಲ್ಲ. ಆ ನಾಲ್ಕು ಜನರ ಸಾಲ ತೀರಿತಾ?

ಮೆಟ್ಟುಗತ್ತಿ:

ಎಲ್ಲಿಂದ, ಇನ್ನೂ ಏಳು ಕಂತು ಇದೆ. ಈ ಸುಗ್ಗಿಯಲ್ಲಿ ಬೆಲ್ಟ್ ಎರಡು ಸಲ ಹೋಯಿತು. ಎರಡನೇ ಸಲ ಅವರೇ ಬಿಚ್ಚಿ ಹಾಕಿದರು.