ಜರ್ಮನ್‌ನಲ್ಲಿ ಮನಸಾರೆ ಥ್ಯಾಂಕ್ಸ್ ಹೇಳೋದು ಹೇಗೆ?

ಮಿಂಚುಹುಳ:
ಜರ್ಮನಿಯಲ್ಲಿ ನನ್ನ ಆವುಸ್‌ಬಿಲ್ಡುಂಗ್ (ಕೆಲಸ ಮಾಡುತ್ತಲೇ ಕಲಿಯುವ ವೃತ್ತಿ ತರಬೇತಿ) ಮುಗಿಯುತ್ತಾ ಬಂತು. ಕೆಲಸ ಕಲಿಸಿದ ಮೇಡಂಗೆ ಒಂದು ಕಾರ್ಡ್ ಬರೆಯಬೇಕು. ಬಂದ ಹೊಸದರಲ್ಲಿ ಮೀಟಿಂಗಿನಲ್ಲಿ ಬಾಯಿ ಬಿಡೋಕೂ ಹೆದರುತ್ತಿದ್ದೆ, ಈಗ ಗ್ರಾಹಕರ ಫೋನ್ ಬಂದರೆ ಒಬ್ಬಳೇ ನಿಭಾಯಿಸುತ್ತೇನೆ, ಅದಕ್ಕೆ ಅವರೇ ಕಾರಣ. ಬರೀ 'ಫೀಲೆನ್ ಡಾಂಕ್' ಅಂದರೆ ಬಾಗಿಲು ತೆಗೆದವರಿಗೆ ಹೇಳಿದ ಹಾಗಿರುತ್ತೆ. ನಾನು ಬೆಳೆದೆ ಅನ್ನೋದಕ್ಕೆ 'ಇಶ್ ಬಿನ್ ಗೆವಾಕ್ಸೆನ್' ಸರೀನಾ? ಉಚ್ಚಾರಣೆ ಕನ್ನಡದಲ್ಲೇ ಬರೆಯಿರಿ, ಸ್ಪೆಲ್ಲಿಂಗ್ ನಾನು ಹುಡುಕಿಕೊಳ್ಳುತ್ತೇನೆ.

ಹಳೇವಿದ್ಯಾರ್ಥಿ:
ಅಷ್ಟೇ ಬರೆದರೆ ಎತ್ತರ ಆದೆ ಅಂತ ಓದಿಕೊಂಡಾರು! 'ಇಶ್ ಬಿನ್ ಆನ್ ಡೀಝೆನ್ ಆವುಫ್‌ಗಾಬೆನ್ ಗೆವಾಕ್ಸೆನ್' ಅನ್ನಿ. ಈ ಕೆಲಸಗಳನ್ನು ಮಾಡುತ್ತಾ ಬೆಳೆದೆ ಅಂತ ಅರ್ಥ. ಇನ್ನೂ ಗಟ್ಟಿಯಾಗಿ ಹೇಳಬೇಕಾ, 'ಇಶ್ ಬಿನ್ ಊಬರ್ ಮಿಶ್ ಹಿನಾವುಸ್‌ಗೆವಾಕ್ಸೆನ್'. ನನ್ನ ಕೈಲಾಗುತ್ತೆ ಅಂದುಕೊಂಡಿದ್ದನ್ನೂ ಮೀರಿದೆ ಅಂತ.

ಆದರೆ ನಿಮ್ಮ ಬೆಳವಣಿಗೆ ಬಗ್ಗೆ ಜಾಸ್ತಿ ಬರೆಯಬೇಡಿ. ಕಾರ್ಡ್ ಅವರಿಗೆ ಅಲ್ವಾ? ಅವರು ಏನು ಮಾಡಿದರು ಅನ್ನೋದನ್ನು ಬರೆಯಿರಿ. 'ಝೀ ಹಾಬೆನ್ ಮೀಯರ್ ಇಮ್ಮರ್ ಎಟ್ವಾಸ್ ತ್ಸೂಗೆಟ್ರಾವುಟ್', ಅಂದರೆ ಇವಳು ಮಾಡ್ತಾಳೆ ಅಂತ ಯಾವಾಗಲೂ ನಂಬಿದಿರಿ. ನನಗಂತೂ ಇದಕ್ಕಿಂತ ಒಳ್ಳೆಯ ಸಾಲು ಗೊತ್ತಿಲ್ಲ. ಅದರ ಹಿಂದೆಯೇ ಆ ಫೋನಿನ ವಿಷಯ ಸೇರಿಸಿ.

ವ್ಯಾಕರಣಪ್ರಿಯ:
ಮೇಲಿನದು ಸರಿ. ಜೊತೆಗೆ ಇದನ್ನೂ ನೋಡಿಕೊಳ್ಳಿ. 'ಡಾಂಕೆನ್' (ಥ್ಯಾಂಕ್ಸ್ ಹೇಳು) ಕ್ರಿಯಾಪದಕ್ಕೆ ನಮ್ಮ 'ನಿಮಗೆ' ಥರದ ರೂಪವೇ ಬೇಕು, 'ಇಶ್ ಡಾಂಕೆ ಈನೆನ್ ಫೊನ್ ಹೆರ್ಟ್ಸೆನ್', ಅಂದರೆ ನಿಮಗೆ ಮನಸಾರೆ ಥ್ಯಾಂಕ್ಸ್. ಇಲ್ಲಿ 'ಝೀ' (ನೀವು) ಹಾಕಿದರೆ ತಪ್ಪು. ಇಡೀ ವಾಕ್ಯ ಸೇರಿಸೋದಾದರೆ 'ಡಾಂಕೆ, ದಾಸ್ ಝೀ ಆನ್ ಮಿಶ್ ಗೆಗ್ಲಾವುಪ್ಟ್ ಹಾಬೆನ್', ನನ್ನ ಮೇಲೆ ನಂಬಿಕೆ ಇಟ್ಟಿದ್ದಕ್ಕೆ ಥ್ಯಾಂಕ್ಸ್ ಅಂತ. ಕ್ರಿಯಾಪದ ಕೊನೆಗೆ ಹೋಗುತ್ತೆ, ಕನ್ನಡದವರಿಗೆ ಅದೇನು ಕಷ್ಟ ಅಲ್ಲ. ಸಂಬೋಧನೆ ಆದ ಮೇಲೆ ಅಲ್ಪವಿರಾಮ ಹಾಕಿ, ಮುಂದಿನ ಸಾಲು ಚಿಕ್ಕ ಅಕ್ಷರದಿಂದ ಶುರು ಮಾಡಿ. ಕೊನೆಯಲ್ಲಿ 'ಮಿಟ್ ಫ್ರೊಯಿಂಟ್‌ಲಿಶೆನ್ ಗ್ರ್ಯೂಸೆನ್' ಬೇಡ, ಆಫೀಸ್ ಪತ್ರ ಆಗಿಬಿಡುತ್ತೆ. 'ಹೆರ್ಟ್ಸ್‌ಲಿಶೆ ಗ್ರ್ಯೂಸೆ' ಸಾಕು.

ಮಿಂಚುಹುಳ:
ತುಂಬಾ ಉಪಯೋಗ ಆಯ್ತು. ಇನ್ನೊಂದು ಡೌಟು. ಮೇಡಮ್ಮೂ ನಾನೂ ಮಾತಾಡುವಾಗ 'ಡು' (ನೀನು) ಅಂತಲೇ ಅನ್ನೋದು. ಕಾರ್ಡಿನಲ್ಲಿ ಗೌರವಕ್ಕೆ 'ಝೀ' ಹಾಕಲಾ?

ಹಳೇವಿದ್ಯಾರ್ಥಿ:
ಬೇಡವೇ ಬೇಡ. ಹಿರಿಯರಿಗೆ 'ನೀನು' ಅನ್ನೋಕೆ ನಮಗೆ ಇರಿಸುಮುರಿಸು, ನಿಜ, ಆದರೆ ಅಲ್ಲಿ 'ಡು' ಆದ ಮೇಲೆ 'ಝೀ'ಗೆ ವಾಪಸ್ ಹೋದರೆ ಇವಳಿಗೇನೋ ಬೇಸರ ಆಗಿದೆ ಅಂತ ಅಂದುಕೊಳ್ಳಬಹುದು. ಹೀಗೆ ಬರೆಯಿರಿ:

'ಇಶ್ ಡಾಂಕೆ ಡೀಯರ್ ಫೊನ್ ಹೆರ್ಟ್ಸೆನ್. ಡು ಹಾಸ್ಟ್ ಮೀಯರ್ ಇಮ್ಮರ್ ಎಟ್ವಾಸ್ ತ್ಸೂಗೆಟ್ರಾವುಟ್. ಓನೆ ಡಿಶ್ ಹೆಟ್ಟೆ ಇಶ್ ದಾಸ್ ನಿಶ್ಟ್ ಗೆಶಾಫ್ಟ್.'

ಕೊನೆಯ ಸಾಲು, ನೀನಿಲ್ಲದಿದ್ದರೆ ಇದು ನನ್ನಿಂದ ಆಗುತ್ತಿರಲಿಲ್ಲ ಅಂತ. ಎರಡನೇ ಸಾಲಿನ ನಂತರ ಫೋನಿನ ಮಾತು ನಿಮ್ಮದೇ ಜರ್ಮನ್‌ನಲ್ಲಿ ಬರಲಿ, ಸಣ್ಣಪುಟ್ಟ ತಪ್ಪಿದ್ದರೂ ಪರವಾಗಿಲ್ಲ.

ವ್ಯಾಕರಣಪ್ರಿಯ:
'ಝೀ', 'ಈನೆನ್' ಆದರೆ ದೊಡ್ಡಕ್ಷರ ಕಡ್ಡಾಯ. 'ಡು', 'ಡೀಯರ್' (ನಿನಗೆ) ಹಾಗಲ್ಲ, ಜರ್ಮನ್ ಕಾಗುಣಿತದ 2006ರ ನಿಯಮದ ಪ್ರಕಾರ ಪತ್ರದಲ್ಲಿ ದೊಡ್ಡಕ್ಷರವೂ ಆಗುತ್ತೆ, ಚಿಕ್ಕದೂ ಆಗುತ್ತೆ. ಯಾವುದಾದರೂ ಒಂದನ್ನು ಹಿಡಿದು ಕಾರ್ಡ್ ಪೂರ್ತಿ ಅದನ್ನೇ ಬರೆಯಿರಿ.